ಇನ್ಶೂರೆನ್ಸ್ ಕಂಪನಿಯ ನರ್ಸ್ ಡಾಕ್ಟರ್ ರೂಮಿನೊಳಗೂ ಬರ್ತಾರೆ, ಬೇಡ ಅನ್ನಬಹುದಾ?

ಪ್ರಶ್ನೆ: ನಾವು ಅಟ್ಲಾಂಟಾ ಹತ್ತಿರ ಇದ್ದೇವೆ. ನಮ್ಮ ಯಜಮಾನರಿಗೆ 52 ವರ್ಷ, ವೇರ್‌ಹೌಸ್‌ನಲ್ಲಿ ಕೆಲಸ. ಮೇಲಿನ ರ‍್ಯಾಕಿನಿಂದ ಪೆಟ್ಟಿಗೆ ಇಳಿಸುವಾಗ ಬಲ ಭುಜದಲ್ಲಿ ಏನೋ ಕಿತ್ತುಬಂದ ಹಾಗಾಯಿತಂತೆ. ರೊಟೇಟರ್ ಕಫ್ (ಭುಜದ ಕೀಲನ್ನು ಹಿಡಿದಿಡುವ ಸ್ನಾಯುಗಳು) ಹರಿದಿತ್ತು, ಆಪರೇಷನ್ ಆಗಿ ಮೂರು ತಿಂಗಳಾಯಿತು. ವರ್ಕರ್ಸ್ ಕಾಂಪೆನ್ಸೇಷನ್, ಅಂದರೆ ಕೆಲಸದಲ್ಲಿ ಗಾಯವಾದವರಿಗೆ ಕೊಡುವ ಪರಿಹಾರದ ಚೆಕ್ ವಾರವಾರ ಬರ್ತಿದೆ. ಇನ್ಶೂರೆನ್ಸ್ ಕಂಪನಿ ಒಬ್ಬ ನರ್ಸ್ ಕೇಸ್ ಮ್ಯಾನೇಜರ್‌ರನ್ನು ಕಳಿಸಿದೆ. ತುಂಬಾ ಒಳ್ಳೆಯವರು, ವಾರಕ್ಕೊಮ್ಮೆ ಫೋನ್ ಮಾಡಿ ವಿಚಾರಿಸ್ತಾರೆ. ಆದರೆ ಪ್ರತಿ ಸಲ ಡಾಕ್ಟರ್ ರೂಮಿನೊಳಗೂ ಬರ್ತಾರೆ, ಆಮೇಲೆ ಡಾಕ್ಟರ್ ಜೊತೆ ಹೊರಗೆ ನಿಂತು ಬೇರೆ ಮಾತಾಡ್ತಾರೆ. ಈಗ "ಮುಂದಿನ ಸೋಮವಾರದಿಂದ ಲೈಟ್ ಡ್ಯೂಟಿಗೆ, ಅಂದರೆ ಹಗುರ ಕೆಲಸಕ್ಕೆ, ಹೋಗಬೇಕಾಗಬಹುದು, ಲಾಯರ್ ಎಲ್ಲ ಬೇಡ, ಸುಮ್ನೆ ಖರ್ಚು" ಅಂದಿದ್ದಾರೆ. ಇವರಿಗೆ ಕೈ ಇನ್ನೂ ತಲೆ ಮಟ್ಟಕ್ಕೆ ಏಳುವುದಿಲ್ಲ. ಬೇಡ ಅಂದರೆ ಚೆಕ್ ನಿಲ್ಲಿಸಿಬಿಡ್ತಾರಾ?

ಉತ್ತರ: ಮೊದಲು ನಿಮ್ಮ ಭಯಕ್ಕೆ ಉತ್ತರ ಹೇಳಿಬಿಡುತ್ತೇನೆ. ನರ್ಸ್ ರೂಮಿನೊಳಗೆ ಬರುವುದು ಬೇಡ ಅಂದಿದ್ದಕ್ಕೆ ಚೆಕ್ ನಿಲ್ಲಿಸುವ ಹಾಗಿಲ್ಲ. ಡಾಕ್ಟರ್ ಅಪಾಯಿಂಟ್‌ಮೆಂಟ್ ತಪ್ಪಿಸಿದರೆ ನಿಲ್ಲಬಹುದು, ಚಿಕಿತ್ಸೆಯೇ ಬೇಡ ಅಂದರೆ ನಿಲ್ಲಬಹುದು, ನಿಯಮದ ಪ್ರಕಾರ ಬಂದ ಲೈಟ್ ಡ್ಯೂಟಿ ಕೆಲಸವನ್ನು ಮಾಡಿ ನೋಡದೆ ತಳ್ಳಿಹಾಕಿದರೂ ನಿಲ್ಲಬಹುದು. ನರ್ಸ್ ವಿಷಯ ಬೇರೆ. ಆಕೆ ಬೇಡ ಅಂದರೆ ಚಿಕಿತ್ಸೆ ಬೇಡ ಅಂದ ಹಾಗಲ್ಲ. ಇದೊಂದನ್ನು ನಿಮ್ಮ ಯಜಮಾನರಿಗೆ ಇವತ್ತೇ ಹೇಳಿ, ಅರ್ಧ ಧೈರ್ಯ ಅಲ್ಲೇ ಬರುತ್ತದೆ.

ನಾನು ನರ್ಸಿಂಗ್ ಓದಿ ಆಸ್ಪತ್ರೆಯಲ್ಲಿ ಕೆಲಸ ಮಾಡಿ, ಈಗ ಗಾಯಗೊಂಡ ಕೆಲಸಗಾರರ ಪರ ಕೇಸ್ ಫೈಲು ಓದುವ ಕೆಲಸದಲ್ಲಿದ್ದೇನೆ. ಅದಕ್ಕೇ ಈ ನರ್ಸ್‌ಗಳ ರಿಪೋರ್ಟ್ ದಿನಾ ಕಣ್ಣಿಗೆ ಬೀಳುತ್ತದೆ. ಅವರಲ್ಲಿ ಹೆಚ್ಚಿನವರು ಕೆಟ್ಟವರಲ್ಲ. ನಿಮ್ಮ ನರ್ಸ್ ತೋರಿಸುವ ಕಾಳಜಿ ನಿಜವೇ ಇರಬಹುದು. ಆದರೆ ಆಕೆಗೆ ಸಂಬಳ ಕೊಡುವವರು ಇನ್ಶೂರೆನ್ಸ್ ಕಂಪನಿಯವರು, ಅಥವಾ ಅವರ ಪರವಾಗಿ ಕ್ಲೈಮ್ ನೋಡಿಕೊಳ್ಳುವ ಸಂಸ್ಥೆಯವರು. ಪ್ರತಿ ಭೇಟಿ ಆದಮೇಲೆ ಆಕೆ ಒಂದು ರಿಪೋರ್ಟ್ ಬರೆಯುತ್ತಾರೆ, ಅದು ಹೋಗುವುದು ಅಡ್ಜಸ್ಟರ್ ಕೈಗೆ. ಚೆಕ್ ಕೊಡಬೇಕಾ ಬೇಡವಾ, ಎಂಆರ್‌ಐ ಒಪ್ಪಬೇಕಾ ಬೇಡವಾ ಅಂತ ತೀರ್ಮಾನ ಮಾಡುವವರು ಅದೇ ಅಡ್ಜಸ್ಟರ್. ಆಕೆಯ ಎದುರು ಆಡಿದ ಮಾತು ಅಡ್ಜಸ್ಟರ್ ಎದುರು ಆಡಿದ ಹಾಗೇ ಅಂತ ತಿಳಿದುಕೊಳ್ಳಿ.

ಈಗ ನಿಮ್ಮ ರಾಜ್ಯದ ನಿಯಮ. ಅಮೆರಿಕದಲ್ಲಿ ವರ್ಕರ್ಸ್ ಕಾಂಪೆನ್ಸೇಷನ್ ಕಾನೂನು ರಾಜ್ಯಕ್ಕೊಂದು, ಹಾಗಾಗಿ ಬೇರೆ ರಾಜ್ಯದಲ್ಲಿರುವ ನೆಂಟರ ಸಲಹೆ ನಿಮಗೆ ಹೊಂದಲಿಕ್ಕಿಲ್ಲ. ಜಾರ್ಜಿಯಾದಲ್ಲಿ ಇದನ್ನು ನಡೆಸುವುದು ಸ್ಟೇಟ್ ಬೋರ್ಡ್ ಆಫ್ ವರ್ಕರ್ಸ್ ಕಾಂಪೆನ್ಸೇಷನ್. ಬೋರ್ಡಿನ ನಿಯಮದಲ್ಲಿ ಗಾಯಗಳನ್ನು ಎರಡು ಬಗೆ ಮಾಡಿದ್ದಾರೆ. ಬೆನ್ನುಹುರಿಗೆ ಪೆಟ್ಟಾಗಿ ಪಾರ್ಶ್ವವಾಯು ಬಂದದ್ದು, ಕೈಕಾಲು ತುಂಡಾದದ್ದು, ತಲೆಗೆ ಗಂಭೀರ ಪೆಟ್ಟಾದದ್ದು, ಇಂಥವು ಕೆಟಾಸ್ಟ್ರೋಫಿಕ್, ಅಂದರೆ ಅತಿ ಗಂಭೀರ. ಅಂಥ ಕೇಸಿನಲ್ಲಿ ಬೋರ್ಡ್ ಒಪ್ಪಿದ ರಿಹ್ಯಾಬಿಲಿಟೇಷನ್ ಸಪ್ಲೈಯರ್ (ಚೇತರಿಕೆಯ ವ್ಯವಸ್ಥೆ ನೋಡಿಕೊಳ್ಳುವವರು) ಇರಲೇಬೇಕು, ಅವರ ಜೊತೆ ಸಹಕರಿಸಲೂ ಬೇಕು. ಭುಜದ ಆಪರೇಷನ್ ಸಾಮಾನ್ಯವಾಗಿ ಆ ಗುಂಪಿಗೆ ಸೇರುವುದಿಲ್ಲ. ಉಳಿದ ಗಾಯಗಳಲ್ಲಿ ನರ್ಸ್ ಅಪಾಯಿಂಟ್‌ಮೆಂಟಿಗೆ ಬರಬೇಕಾದರೆ ಕೆಲಸಗಾರನ ಲಿಖಿತ ಒಪ್ಪಿಗೆ ಬೇಕು. ಲಾಯರ್ ಇದ್ದರೆ ಲಾಯರ್ ಕಡೆಯಿಂದ ಬೇಕು. ಕೊಟ್ಟ ಒಪ್ಪಿಗೆಯನ್ನು ವಾಪಸ್ ತೆಗೆದುಕೊಳ್ಳಲೂಬಹುದು.

ಹಾಗಾದರೆ ಆಕೆ ಇಷ್ಟು ದಿನ ಹೇಗೆ ಒಳಗೆ ಬಂದರು ಅಂತ ಕೇಳುತ್ತೀರಿ. ಬಹುಶಃ ಮೊದಲ ಭೇಟಿಯಲ್ಲಿ ನಾಲ್ಕಾರು ಕಾಗದಕ್ಕೆ ಸಹಿ ಹಾಕಿಸಿಕೊಂಡಾಗ ಅದರಲ್ಲಿ ಇದೂ ಇತ್ತು. ನೋವಿನ ಮಾತ್ರೆ ನುಂಗಿ ಕೂತವರು ಯಾರು ತಾನೇ ಪೂರ್ತಿ ಓದುತ್ತಾರೆ? ಆ ಕಾಗದದ ಪ್ರತಿ ಕೇಳಿ. ಆಮೇಲೆ ಒಂದು ಇಮೇಲ್ ಸಾಕು, ಉದ್ದ ಬೇಡ. ಚಿಕಿತ್ಸೆ ಮುಂದುವರಿಸುತ್ತೇನೆ, ಎಲ್ಲಾ ಅಪಾಯಿಂಟ್‌ಮೆಂಟಿಗೂ ಹೋಗುತ್ತೇನೆ, ಆದರೆ ಡಾಕ್ಟರ್ ಪರೀಕ್ಷೆ ಮಾಡುವಾಗ ಕೇಸ್ ಮ್ಯಾನೇಜರ್ ರೂಮಿನಲ್ಲಿ ಇರುವುದಕ್ಕೆ ಕೊಟ್ಟ ಒಪ್ಪಿಗೆಯನ್ನು ಇವತ್ತಿನಿಂದ ಹಿಂಪಡೆಯುತ್ತಿದ್ದೇನೆ, ಏನಿದ್ದರೂ ಇಮೇಲಿನಲ್ಲಿ ತಿಳಿಸಿ. ಇಷ್ಟನ್ನೇ ನಿಮ್ಮ ಮಾತಿನಲ್ಲಿ ಇಂಗ್ಲಿಷಿನಲ್ಲಿ ಬರೆದು ನರ್ಸ್‌ಗೆ, ಅಡ್ಜಸ್ಟರ್‌ಗೆ ಇಬ್ಬರಿಗೂ ಕಳಿಸಿ. ಒಂದು ಪ್ರತಿ ಡಾಕ್ಟರ್ ಆಫೀಸಿಗೂ ಹೋಗಲಿ, ಯಾಕಂದರೆ ಬಾಗಿಲು ತೆರೆಯುವವರು ಅಲ್ಲಿನ ಅಸಿಸ್ಟೆಂಟ್. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ ಅಂತಲೇ ಇಟ್ಟುಕೊಳ್ಳಿ.

ಇಷ್ಟಾದರೂ ಆಕೆ ಬಾಗಿಲ ಹತ್ತಿರ ಬಂದರೆ ಜಗಳ ಬೇಡ. ನಿಮ್ಮವರು ಅಸಿಸ್ಟೆಂಟ್ ಕಡೆ ತಿರುಗಿ "ಐ ವಾಂಟ್ ಟು ಸೀ ದ ಡಾಕ್ಟರ್ ಅಲೋನ್, ಪ್ಲೀಸ್" ಅಂದರೆ ಸಾಕು. ನಮ್ಮಲ್ಲಿ ಕಷ್ಟ ಆಗುವುದೇ ಇಲ್ಲಿ. ಅಷ್ಟು ನಯವಾಗಿ ಮಾತಾಡುವವರಿಗೆ, ಮಾತ್ರೆ ಬೇಗ ಕೊಡಿಸಿದವರಿಗೆ, ಮುಖಕ್ಕೆ ಹೊಡೆದ ಹಾಗೆ ಹೊರಗಿರಿ ಅನ್ನುವುದು ಹೇಗೆ ಅಂತ ದಾಕ್ಷಿಣ್ಯ. ಆಕೆಗೆ ಇದೇನೂ ಹೊಸದಲ್ಲ. ದಿನಾ ಕೇಳುವ ಮಾತು, ತಲೆಯಾಡಿಸಿ ಹೊರಗೆ ಕೂರುತ್ತಾರೆ.

ಪೂರ್ತಿ ಬೇಡ ಅನ್ನಲೇಬೇಕು ಅಂತೇನೂ ಇಲ್ಲ. ಒಳ್ಳೆಯ ಕೇಸ್ ಮ್ಯಾನೇಜರ್ ಇದ್ದರೆ ಫಿಸಿಕಲ್ ಥೆರಪಿಗೆ ಒಪ್ಪಿಗೆ ಬೇಗ ಸಿಗುತ್ತದೆ, ಅಪಾಯಿಂಟ್‌ಮೆಂಟ್ ಬೇಗ ಆಗುತ್ತದೆ, ಔಷಧಿ ಅಂಗಡಿಯಲ್ಲಿ ಬಿಲ್ ತಿರಸ್ಕಾರ ಆದರೆ ಒಂದು ಫೋನಿನಲ್ಲಿ ಸರಿ ಮಾಡಿಸುತ್ತಾರೆ. ಆ ಸಹಾಯ ಬೇಕಿದ್ದರೆ ಇಟ್ಟುಕೊಳ್ಳಿ, ರೂಮಿನ ಬಾಗಿಲು ಮಾತ್ರ ನಿಮ್ಮದಾಗಿರಲಿ. ಹಾಗಂತ ಆಕೆ ಇಲ್ಲದಿದ್ದರೆ ಚಿಕಿತ್ಸೆ ನಿಂತೇಹೋಗುತ್ತದೆ ಅಂತ ಹೆದರಬೇಡಿ. ಜಾರ್ಜಿಯಾದಲ್ಲಿ ಡಬ್ಲ್ಯೂಸಿ-205 ಅನ್ನುವ ಫಾರ್ಮ್ ಇದೆ. ಡಾಕ್ಟರ್ ಆಫೀಸಿನವರು ಅದನ್ನು ತುಂಬಿ, ಈ ಚಿಕಿತ್ಸೆಗೆ ಒಪ್ಪಿಗೆ ಕೊಡಿ ಅಂತ ಇನ್ಶೂರೆನ್ಸ್‌ಗೆ ಕಳಿಸಿದರೆ ಅವರು 5 ಕೆಲಸದ ದಿನಗಳಲ್ಲಿ ಉತ್ತರ ಕೊಡಬೇಕು. ಕೊಡದಿದ್ದರೆ ಒಪ್ಪಿದ ಹಾಗೇ ಲೆಕ್ಕ. ಈ ಫಾರ್ಮ್ ಬಗ್ಗೆ ಕೇಳಿದರೆ ಆಫೀಸಿನವರಿಗೆ ಗೊತ್ತಿರುತ್ತದೆ.

ಇನ್ನು ಹೊರಗೆ ನಿಂತು ಡಾಕ್ಟರ್ ಜೊತೆ ಮಾತಾಡುವ ವಿಷಯ. ಇಲ್ಲಿ ನಿಮಗೆ ಇಷ್ಟವಾಗದ ಒಂದು ಸತ್ಯ ಹೇಳಬೇಕು. ಆಸ್ಪತ್ರೆಯ ಮಾಹಿತಿ ಗುಟ್ಟಾಗಿಡುವ ಹಿಪಾ ಕಾನೂನು ವರ್ಕರ್ಸ್ ಕಾಂಪೆನ್ಸೇಷನ್‌ಗೆ ರಿಯಾಯಿತಿ ಕೊಡುತ್ತದೆ. ರಾಜ್ಯದ ಕಾನೂನು ಎಷ್ಟು ಕೇಳುತ್ತದೋ ಅಷ್ಟು ಮಾಹಿತಿ ಕೊಡಬಹುದು ಅನ್ನುತ್ತದೆ. ಜಾರ್ಜಿಯಾದಲ್ಲಿ ಒಂದು ಕೇಸ್ ರಾಜ್ಯದ ಸುಪ್ರೀಂ ಕೋರ್ಟ್ ತನಕ ಹೋಗಿತ್ತು, ಆರ್ಬಿಸ್ ರೆಸ್ಟೊರೆಂಟಿನ ಕೆಲಸಗಾರ್ತಿಯೊಬ್ಬರದು. ತಾನಿಲ್ಲದಾಗ ಕಂಪನಿ ಕಡೆಯವರು ತನ್ನ ಡಾಕ್ಟರ್ ಜೊತೆ ಮಾತಾಡಬಾರದು ಅನ್ನುವುದು ಆಕೆಯ ವಾದ. 2012ರಲ್ಲಿ ಕೋರ್ಟ್ ಅದನ್ನು ಒಪ್ಪಲಿಲ್ಲ. ಕ್ಲೈಮಿಗೆ ಸಂಬಂಧಪಟ್ಟ ವಿಷಯವನ್ನು ಡಾಕ್ಟರ್ ಅವರ ಜೊತೆ ಮಾತಾಡಬಹುದು ಅಂತ ಹೇಳಿತು. ಮಾತಾಡಲೇಬೇಕು ಅಂತ ಡಾಕ್ಟರ್ ಮೇಲೆ ಒತ್ತಾಯ ಇಲ್ಲ, ಆದರೆ ತಡೆಯುವುದು ನಿಮ್ಮ ಕೈಯಲ್ಲೂ ಇಲ್ಲ. ಅದೇ ರೀತಿ ಗಾಯಕ್ಕೆ ಸಂಬಂಧಪಟ್ಟ ದಾಖಲೆ ಕೊಡಲು ಬೋರ್ಡಿನ ಡಬ್ಲ್ಯೂಸಿ-207 ಫಾರ್ಮಿಗೆ ಸಹಿ ಕೇಳಿದರೆ ಅದಕ್ಕೆ ಸಹಿ ಹಾಕಬೇಕು, ಹಾಕದಿದ್ದರೆ ತೊಂದರೆ. ಹುಟ್ಟಿದಾಗಿನಿಂದ ಇರುವ ಎಲ್ಲಾ ದಾಖಲೆಯನ್ನೂ ಯಾರಿಗೆ ಬೇಕಾದರೂ ಕೊಡಿ ಅನ್ನುವಂಥ ಬೇರೆ ಕಾಗದ ಬಂದರೆ ಮಾತ್ರ ಸಹಿಗೆ ಮುಂಚೆ ನಿಲ್ಲಿ.

ಹಾಗಾಗಿ ಮಾಡಬೇಕಾದದ್ದು ಇದು. ಡಾಕ್ಟರಿಗೇ ನೇರವಾಗಿ ಹೇಳಿ. ಕೇಸ್ ಮ್ಯಾನೇಜರ್ ಜೊತೆ ಮಾತಾಡುವುದಿದ್ದರೆ ನಾನೂ ಇರುವಾಗ ಮಾತಾಡಿ, ಇಲ್ಲವೇ ಅವರು ಪ್ರಶ್ನೆಗಳನ್ನು ಬರೆದು ಕಳಿಸಲಿ ಅಂತ. ಬಹಳ ಡಾಕ್ಟರುಗಳು ಇದಕ್ಕೆ ಒಪ್ಪುತ್ತಾರೆ, ಅವರಿಗೂ ಹಾದಿಯಲ್ಲಿ ನಿಂತು ಮಾತಾಡುವುದು ಇಷ್ಟ ಇರುವುದಿಲ್ಲ. ಪ್ರತಿ ಭೇಟಿ ಆದ ಮೇಲೆ ಆಸ್ಪತ್ರೆಯ ಪೋರ್ಟಲ್‌ನಲ್ಲಿ ಅಂದಿನ ನೋಟ್ ಓದಿ. ರೂಮಿನಲ್ಲಿ ನಿಮ್ಮವರು ಹೇಳಿದ್ದು ಅದರಲ್ಲಿ ಇದೆಯಾ, ಭಾರ ಎತ್ತುವ ಮಿತಿ ಎಷ್ಟು ಬರೆದಿದ್ದಾರೆ, ಆಪರೇಷನ್ ಆದ ಕೈ ಯಾವುದು ಅಂತ ಸರಿಯಾಗಿ ಇದೆಯಾ, ಎಲ್ಲಾ ನೋಡಿ. ತಪ್ಪಿದ್ದರೆ ಅವತ್ತೇ ಪೋರ್ಟಲ್‌ನಲ್ಲೇ ಬರೆದು ತಿದ್ದಲು ಕೇಳಿ.

ರೂಮಿನಲ್ಲಿ ಇರಬಾರದು ಅಂತ ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಾನು ಓದಿದ ಒಂದು ಫೈಲಿನಲ್ಲಿ ಹೀಗಿತ್ತು. ಡಾಕ್ಟರ್ ಕೈ ಎತ್ತಿಸಿ ನೋಡಿ "ಹೌ ಈಸ್ ಇಟ್?" ಅಂದಿದ್ದಾರೆ. ಆ ಮನುಷ್ಯ ನಮ್ಮ ಕಡೆಯವರೇ, ಹಿಂದಿನ ರಾತ್ರಿ ಒರಗಿ ಮಲಗಲಾಗದೆ ಸೋಫಾದಲ್ಲಿ ಕೂತೇ ಕಳೆದವರು. ಅಭ್ಯಾಸಬಲದಿಂದ "ಗುಡ್, ಗುಡ್, ಬೆಟರ್" ಅಂದರು. ಡಾಕ್ಟರ್ ನೋಟ್‌ನಲ್ಲಿ ಎಷ್ಟು ಡಿಗ್ರಿ ಎತ್ತಿದರು ಅನ್ನುವ ಲೆಕ್ಕ ಇತ್ತು, ಅದು ಕಡಿಮೆಯೇ ಇತ್ತು. ನರ್ಸ್ ರಿಪೋರ್ಟಿನಲ್ಲಿ ಮಾತ್ರ ನೋವು ಚೆನ್ನಾಗಿ ಕಡಿಮೆಯಾಗಿದೆ ಅಂತ ರೋಗಿಯೇ ಹೇಳಿದ್ದಾರೆ, ಪಾರ್ಕಿಂಗಿನಲ್ಲಿ ಕಾರಿನ ಬಾಗಿಲನ್ನು ಬಲಗೈಯಲ್ಲೇ ತೆಗೆದರು, ವಾರದ ಕೊನೆಗೆ ಗೃಹಪ್ರವೇಶಕ್ಕೆ ಕಾರಿನಲ್ಲಿ ಹೋಗಿದ್ದರಂತೆ, ಇಷ್ಟೂ ಇತ್ತು. ಒಂದೂ ಸುಳ್ಳಲ್ಲ. ಡ್ರೈವ್ ಮಾಡಿದ್ದು ಅವರ ಹೆಂಡತಿ ಅನ್ನುವುದನ್ನು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಆ ಒಂದು ಪ್ಯಾರಾ ಹಿಡಿದುಕೊಂಡು ಅಡ್ಜಸ್ಟರ್ ಥೆರಪಿ ಇನ್ನಷ್ಟು ಯಾಕೆ ಬೇಕು ಅಂತ ಕೇಳಿದರು.

ಆದ್ದರಿಂದ ನಿಮ್ಮವರಿಗೆ ಹೇಳಿ, ನೋವು ಹೆಚ್ಚು ಮಾಡಿ ಹೇಳುವುದೂ ಬೇಡ, ಮುಚ್ಚಿಡುವುದೂ ಬೇಡ. ಸುಳ್ಳು ಹೇಳಿದರೆ ಕೇಸ್ ಅಲ್ಲಿಗೇ ಮುಗಿಯುತ್ತದೆ, ಇನ್ಶೂರೆನ್ಸ್ ಕಂಪನಿಯವರು ಮನೆಯ ಹೊರಗೆ ವಿಡಿಯೋ ತೆಗೆಯಲು ಜನ ಇಡುವುದೂ ಇಲ್ಲಿ ಮಾಮೂಲು. ಆದರೆ ಹೇಗಿದೆ ಅಂದರೆ ಪರವಾಗಿಲ್ಲ ಅನ್ನುವ ಅಭ್ಯಾಸ ಬಿಡಬೇಕು. ಶರ್ಟ್ ಹಾಕಿಕೊಳ್ಳಲು ಎಡಗೈ ಸಹಾಯ ಬೇಕು. ತಲೆ ಬಾಚಲು ಆಗುವುದಿಲ್ಲ. ಹಾಲಿನ ಗ್ಯಾಲನ್ ಎತ್ತಿದರೆ ಮೊಳಕೈವರೆಗೆ ಎಳೆಯುತ್ತದೆ. ರಾತ್ರಿ ಎಷ್ಟು ಸಲ ಎಚ್ಚರ ಆಗುತ್ತದೆ. ಇಂಥದ್ದನ್ನು ಹೇಳಬೇಕು, ಅದೂ ಡಾಕ್ಟರಿಗೆ. ಹೋಗುವ ಮುಂಚೆ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಲಿ. ನರ್ಸ್ ಫೋನ್ ಮಾಡಿ ಹಬ್ಬ ಹೇಗಾಯ್ತು, ಮಕ್ಕಳು ಹೇಗಿದ್ದಾರೆ ಅಂದರೆ ಚುಟುಕಾಗಿ ಉತ್ತರ ಕೊಟ್ಟು, ಮುಂದಿನ ಅಪಾಯಿಂಟ್‌ಮೆಂಟ್ ವಿಷಯ ಇಮೇಲ್ ಮಾಡಿ ಅಂದು ಮುಗಿಸಲಿ. ವಾರವಾರ ಫೋನಿನಲ್ಲಿ ಅರ್ಧ ಗಂಟೆ ಹರಟುವ ಅಗತ್ಯ ಇಲ್ಲವೇ ಇಲ್ಲ.

ಈಗ ಸೋಮವಾರದ ಲೈಟ್ ಡ್ಯೂಟಿ. ಇದು ನಿಮಗೆ ಎಲ್ಲಕ್ಕಿಂತ ಮುಖ್ಯ, ಸ್ವಲ್ಪ ನಿಧಾನವಾಗಿ ಓದಿ.

ನರ್ಸ್ ಬಾಯಲ್ಲಿ ಹೇಳಿದ್ದು ಕೆಲಸದ ಆಫರ್ ಅಲ್ಲ. ಜಾರ್ಜಿಯಾದಲ್ಲಿ ಲೈಟ್ ಡ್ಯೂಟಿಗೆ ಕರೆದು, ಬರಲಿಲ್ಲ ಅಂತ ಚೆಕ್ ನಿಲ್ಲಿಸಬೇಕಾದರೆ ಅದಕ್ಕೊಂದು ಕ್ರಮ ಇದೆ. ಮೊದಲು ಚಿಕಿತ್ಸೆ ಕೊಡುತ್ತಿರುವ ಅಧಿಕೃತ ಡಾಕ್ಟರ್ ಆ ನಿರ್ದಿಷ್ಟ ಕೆಲಸವನ್ನು ಒಪ್ಪಿರಬೇಕು, ಅದೂ ಹಿಂದಿನ 60 ದಿನಗಳ ಒಳಗೆ ರೋಗಿಯನ್ನು ಪರೀಕ್ಷೆ ಮಾಡಿರಬೇಕು. ಆ ಕೆಲಸದಲ್ಲಿ ಎಷ್ಟು ಭಾರ ಎತ್ತಬೇಕು, ಎಷ್ಟು ಹೊತ್ತು ನಿಲ್ಲಬೇಕು, ಕೈ ಎಷ್ಟು ಎತ್ತರಕ್ಕೆ ಚಾಚಬೇಕು ಅನ್ನುವ ವಿವರ ಡಬ್ಲ್ಯೂಸಿ-240ಎ ಫಾರ್ಮಿನಲ್ಲಿ ಇರುತ್ತದೆ. ಡಾಕ್ಟರಿಗೆ ಅದನ್ನು ಕಳಿಸುವಾಗಲೇ ನಿಮಗೂ ಒಂದು ಪ್ರತಿ ಬರಬೇಕು. ಆಮೇಲೆ ಡಬ್ಲ್ಯೂಸಿ-240 ಅನ್ನುವ ನೋಟಿಸ್, ಕೆಲಸ ಶುರುವಾಗುವ 10 ದಿನ ಮುಂಚೆ. ನಿಮಗೆ ಇದ್ಯಾವುದೂ ಬಂದ ಹಾಗೆ ಪ್ರಶ್ನೆಯಲ್ಲಿ ಕಾಣಲಿಲ್ಲ.

ಹಾಗಂತ ಆಗುವುದಿಲ್ಲ, ಬರುವುದಿಲ್ಲ ಅಂತ ಮಾತ್ರ ಅನ್ನಬೇಡಿ. ಆ ಮಾತು ಅವತ್ತೇ ರಿಪೋರ್ಟ್ ಸೇರುತ್ತದೆ. "ಡಾಕ್ಟರ್ ಒಪ್ಪಿದ ಕೆಲಸದ ವಿವರ ಬರವಣಿಗೆಯಲ್ಲಿ ಕಳಿಸಿ, ನೋಡುತ್ತೇವೆ" ಅನ್ನಿ. ಅಷ್ಟೇ.

ನಿಯಮದ ಪ್ರಕಾರ ನೋಟಿಸ್ ಬಂತು ಅಂತಿಟ್ಟುಕೊಳ್ಳಿ, ಆಗ ಹೋಗಿ ಮಾಡಿ ನೋಡಲೇಬೇಕು. ಕನಿಷ್ಠ 8 ಗಂಟೆ ಅಥವಾ ಒಂದು ಪೂರ್ತಿ ಶಿಫ್ಟ್, ಎರಡರಲ್ಲಿ ಯಾವುದು ಜಾಸ್ತಿಯೋ ಅಷ್ಟು ಪ್ರಯತ್ನ ಮಾಡಬೇಕು. ಮಾಡಿದ ಮೇಲೆ 15 ಕೆಲಸದ ದಿನಗಳ ಒಳಗೆ ಗಾಯದ ಕಾರಣಕ್ಕೇ ಮುಂದುವರಿಸಲು ಆಗಲಿಲ್ಲ ಅಂದರೆ ವಾರದ ಚೆಕ್ ಕೂಡಲೇ ಮತ್ತೆ ಶುರು ಮಾಡಬೇಕು. ಎರಡು ಗಂಟೆ ಮಾಡಿ ನೋವು ಅಂತ ಮನೆಗೆ ಬಂದರೆ ಈ ರಕ್ಷಣೆ ಸಿಗುವುದಿಲ್ಲ, ಎಷ್ಟೋ ಜನ ಇಲ್ಲೇ ಎಡವುತ್ತಾರೆ. ಒಪ್ಪಿದ ಕೆಲಸದಲ್ಲಿ 10 ಪೌಂಡ್ ಅಂತಿದ್ದು ಸೂಪರ್‌ವೈಸರ್ 30 ಪೌಂಡಿನ ಪೆಟ್ಟಿಗೆ ತೋರಿಸಿದರೆ ಎತ್ತಬಾರದು. ಫಾರ್ಮಿನ ಪ್ರತಿ ಜೇಬಿನಲ್ಲಿರಲಿ, ತೆಗೆದು ತೋರಿಸಲಿ, ಮನೆಗೆ ಬಂದು ಇಮೇಲ್ ಹಾಕಲಿ.

ಡಾಕ್ಟರ್ ಮಿತಿ ಹಾಕಿ ಕೆಲಸಕ್ಕೆ ಬಿಟ್ಟಿದ್ದಾರೆ ಅಂತ ಡಬ್ಲ್ಯೂಸಿ-104 ಅನ್ನುವ ಇನ್ನೊಂದು ಕಾಗದ ಬಂದರೂ ಬಿಸಾಡಬೇಡಿ. ಮುಂದೆ ಚೆಕ್ಕಿನ ಮೊತ್ತ ಇಳಿಯುವ ಲೆಕ್ಕ ಅದರಿಂದ ಶುರುವಾಗುತ್ತದೆ.

ನರ್ಸ್ ಡಾಕ್ಟರ್ ಹತ್ತಿರ ಹೆಚ್ಚಾಗಿ ಕೇಳುವ ಇನ್ನೊಂದು ಪ್ರಶ್ನೆ, ಎಂಎಂಐ ಯಾವಾಗ ಅಂತ. ಅಂದರೆ ಇನ್ನು ಇದಕ್ಕಿಂತ ಹೆಚ್ಚು ಗುಣ ಆಗುವುದಿಲ್ಲ ಅನ್ನುವ ಹಂತ. ಅಲ್ಲಿಗೆ ಬಂದಾಗ ಡಾಕ್ಟರ್ ಶಾಶ್ವತ ಊನ ಎಷ್ಟು ಶೇಕಡಾ ಅಂತ ಬರೆಯುತ್ತಾರೆ, ದುಡ್ಡು ಅದರ ಮೇಲೆ. ಜಾರ್ಜಿಯಾ ಕಾನೂನಿನಲ್ಲಿ ತೋಳಿಗೆ 225 ವಾರ ಅಂತ ಇದೆ, ಶೇ. 10 ಊನ ಅಂದರೆ ಇಪ್ಪತ್ತೆರಡೂವರೆ ವಾರದ ಹಣ. ರೊಟೇಟರ್ ಕಫ್ ಆಪರೇಷನ್ ಆದವರು ಚೇತರಿಸಿಕೊಳ್ಳಲು ನಾಲ್ಕರಿಂದ ಆರು ತಿಂಗಳು ಸಾಮಾನ್ಯ, ಹೆಚ್ಚು ಹರಿದಿದ್ದರೆ ಇನ್ನೂ ಜಾಸ್ತಿ. ಮೂರು ತಿಂಗಳಿಗೇ ಎಂಎಂಐ ಮಾತು ಬಂದರೆ ಡಾಕ್ಟರನ್ನು ಧೈರ್ಯವಾಗಿ ಕೇಳಿ, ಥೆರಪಿ ಮುಗಿಯುವ ಮುಂಚೆ ಯಾಕೆ ಅಂತ.

ಡಾಕ್ಟರೇ ನಿಮ್ಮ ಮಾತು ಕೇಳುತ್ತಿಲ್ಲ ಅನ್ನಿಸಿದರೆ ಎರಡು ದಾರಿ ಇವೆ, ಎರಡನ್ನೂ ನರ್ಸ್ ತಾವಾಗಿ ಹೇಳಲಿಕ್ಕಿಲ್ಲ. ಕಂಪನಿಯಲ್ಲಿ ಗೋಡೆಗೆ ಅಂಟಿಸಿದ ಡಾಕ್ಟರುಗಳ ಪಟ್ಟಿ ಇರುತ್ತದೆ, ಪ್ಯಾನೆಲ್ ಅನ್ನುತ್ತಾರೆ, ಕನಿಷ್ಠ ಆರು ಹೆಸರು ಇರಬೇಕು. ಅದರಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ಒಂದು ಸಲ ಯಾರ ಅಪ್ಪಣೆಯೂ ಇಲ್ಲದೆ ಬದಲಾಯಿಸಬಹುದು. ಆ ಪಟ್ಟಿಯ ಫೋಟೋ ತೆಗೆದಿಟ್ಟುಕೊಳ್ಳಿ. ಇನ್ನೊಂದು, ವಾರದ ಚೆಕ್ ಬಂದು 120 ದಿನಗಳ ಒಳಗೆ, ನಿಮಗೆ ಬೇಕಾದ ಡಾಕ್ಟರ್ ಹತ್ತಿರ ಒಂದು ಸಲ ಪರೀಕ್ಷೆ ಮಾಡಿಸಿಕೊಳ್ಳಬಹುದು, ಖರ್ಚು ಕಂಪನಿ ಕಡೆಯದು. ಕ್ಯಾಲೆಂಡರ್ ತೆಗೆದು ಕೊನೆಯ ಚೆಕ್ ಯಾವ ತಾರೀಖು ಅಂತ ಇವತ್ತೇ ನೋಡಿ, ಈ ಗಡುವು ಸದ್ದಿಲ್ಲದೆ ದಾಟಿಹೋಗುತ್ತದೆ.

ಲಾಯರ್ ಬೇಡ ಅಂದರಲ್ಲ, ಆ ಸಲಹೆ ಕೊಡುವುದು ನರ್ಸ್ ಕೆಲಸ ಅಲ್ಲ. ಇದನ್ನು ಓದಿದಾಗ ನನಗೆ ನಿಜಕ್ಕೂ ಸಿಟ್ಟು ಬಂತು. ಚಿಕಿತ್ಸೆ ಬಗ್ಗೆ ಮಾತಾಡುವುದು ಆಕೆಯ ಹಕ್ಕು, ಕಾನೂನಿನ ಬಗ್ಗೆ ಅಲ್ಲ. ಆಕೆ ಹಾಗೆ ಅಂದ ತಾರೀಖು, ಸಮಯ, ಮಾತು ಬರೆದಿಟ್ಟುಕೊಳ್ಳಿ. ವರ್ಕರ್ಸ್ ಕಾಂಪೆನ್ಸೇಷನ್ ಲಾಯರುಗಳು ಸಾಮಾನ್ಯವಾಗಿ ಮೊದಲ ಭೇಟಿಗೆ ದುಡ್ಡು ತೆಗೆದುಕೊಳ್ಳುವುದಿಲ್ಲ, ಜಾರ್ಜಿಯಾದಲ್ಲಿ ಅವರ ಫೀಸು ಸಿಗುವ ಪರಿಹಾರದ ಶೇ. 25 ಮೀರುವಂತಿಲ್ಲ, ಅದನ್ನೂ ಬೋರ್ಡ್ ಒಪ್ಪಬೇಕು. ಚೆಕ್ ಸರಿಯಾಗಿ ಬರುತ್ತಿದೆ, ಚಿಕಿತ್ಸೆ ನಡೆಯುತ್ತಿದೆ, ಯಾವ ತಕರಾರೂ ಇಲ್ಲ ಅಂದರೆ ಲಾಯರ್ ಇಲ್ಲದೆಯೂ ನಡೆಯುತ್ತದೆ. ನಿಮ್ಮದು ಆ ಹಂತ ದಾಟಿದೆ ಅಂತ ನನ್ನ ಅಭಿಪ್ರಾಯ. ಭಾರ ಎತ್ತುವ ಕೆಲಸ, ಬಲಗೈ, 52 ವಯಸ್ಸು, ಲೈಟ್ ಡ್ಯೂಟಿ ಮಾತು ಶುರು. ಒಬ್ಬರನ್ನು ನೋಡಿ ಬನ್ನಿ. ಲಾಯರ್ ಬಂದ ಮೇಲೆ ನರ್ಸ್ ಮಾತೆಲ್ಲ ಅವರ ಮೂಲಕ ಆಗುವ ಹಾಗೆ ಮಾಡಿಕೊಳ್ಳಬಹುದು, ನಿಮಗೂ ನೆಮ್ಮದಿ.

ಚೆಕ್ಕಿನ ಲೆಕ್ಕವನ್ನೂ ಒಮ್ಮೆ ನೋಡಿಕೊಳ್ಳಿ. ಗಾಯಕ್ಕೆ ಮುಂಚಿನ 13 ವಾರಗಳ ಸರಾಸರಿ ಸಂಬಳದ ಮೂರರಲ್ಲಿ ಎರಡು ಭಾಗ ಬರಬೇಕು. ಓವರ್‌ಟೈಮ್ ಕೂಡ ಅದರಲ್ಲಿ ಸೇರುತ್ತದೆ. ವಾರದ ಗರಿಷ್ಠ ಮಿತಿ 2023ರ ಜುಲೈ 1ರಿಂದಾಚೆಗಿನ ಗಾಯಗಳಿಗೆ 800 ಡಾಲರ್ ಆಯಿತು. ಡಾಕ್ಟರ್ ಹತ್ತಿರ, ಥೆರಪಿಗೆ ಹೋಗಿಬರುವ ಮೈಲೇಜ್ ದುಡ್ಡೂ ಕೇಳಬಹುದು, ಒಂದು ವರ್ಷದ ಒಳಗೆ ಕೇಳಬೇಕು.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಿಮ್ಮ ಯಜಮಾನರಿಗೆ ಡಾಕ್ಟರ್ ಇಂಗ್ಲಿಷ್ ಪೂರ್ತಿ ಹಿಡಿಯದಿದ್ದರೆ ಕನ್ನಡ ಇಂಟರ್‌ಪ್ರಿಟರ್ ಕೇಳಿ. ಫೋನ್ ಮೂಲಕ ಕನ್ನಡದವರು ಸಿಗುತ್ತಾರೆ, ಅಪಾಯಿಂಟ್‌ಮೆಂಟಿಗೆ ಕೆಲವು ದಿನ ಮುಂಚೆ ಹೇಳಿಟ್ಟರೆ ಸುಲಭ. ಹೈಸ್ಕೂಲ್ ಓದುವ ಮಗನಿಂದ ಹೇಳಿಸಬೇಡಿ. ಅಪ್ಪ ರಾತ್ರಿ ಅಳುತ್ತಾರೆ ಅನ್ನುವುದನ್ನು ಮಗ ಡಾಕ್ಟರಿಗೆ ಹೇಳುವುದಿಲ್ಲ, ಅಪ್ಪನೂ ಮಗನ ಎದುರು ಬಾಯಿ ಬಿಡುವುದಿಲ್ಲ. ನರ್ಸ್ ನಡುವೆ ನಿಂತು ಅವರು ಹೇಳಿದ್ದು ಹೀಗೆ ಅಂತ ವಿವರಿಸುವುದಂತೂ ಬೇಡವೇ ಬೇಡ.

ಬೇರೆ ರಾಜ್ಯದಲ್ಲಿ ಇರುವವರು ಈ ಫಾರ್ಮ್ ನಂಬರುಗಳನ್ನು ಹಿಡಿದುಕೊಂಡು ಹೋಗಬೇಡಿ, ಅಲ್ಲಿನ ಹೆಸರು, ಗಡುವು ಎಲ್ಲಾ ಬೇರೆ. ಉದಾಹರಣೆಗೆ ನಾರ್ತ್ ಕ್ಯಾರೊಲೈನಾದಲ್ಲಿ ಇದನ್ನು ನೋಡಿಕೊಳ್ಳುವುದು ಇಂಡಸ್ಟ್ರಿಯಲ್ ಕಮಿಷನ್. ಡಾಕ್ಟರ್ ಜೊತೆ ಒಬ್ಬರೇ ಇರುವ ಹಕ್ಕು ಅಲ್ಲೂ ಇದೆ, ಆದರೆ ಕೇಸ್ ಮ್ಯಾನೇಜರ್ ಜೊತೆ ಸಹಕಾರದ ವಿಷಯದಲ್ಲಿ ನಿಯಮ ಜಾರ್ಜಿಯಾದ ಹಾಗಿಲ್ಲ. ನಿಮ್ಮ ರಾಜ್ಯದ ಬೋರ್ಡ್ ಅಥವಾ ಕಮಿಷನ್‌ಗೆ ಫೋನ್ ಮಾಡಿ ಕೇಳಿ.

ನಿಮಗೆ ಈ ವಾರದ ಕೆಲಸ ಇಷ್ಟು. ಒಪ್ಪಿಗೆ ಹಿಂಪಡೆಯುವ ಇಮೇಲ್ ಇವತ್ತು ರಾತ್ರಿ ಹೋಗಲಿ. ಪೋರ್ಟಲ್‌ನಲ್ಲಿ ಆಪರೇಷನ್ ಆದಾಗಿನಿಂದ ಇರುವ ಎಲ್ಲಾ ನೋಟ್ ಡೌನ್‌ಲೋಡ್ ಮಾಡಿ. ಕೊನೆಯ ಚೆಕ್ ಬಂದ ತಾರೀಖಿನಿಂದ 120 ದಿನ ಎಣಿಸಿ. ಸೋಮವಾರದ ಬಗ್ಗೆ ನರ್ಸ್ ಮತ್ತೆ ಫೋನ್ ಮಾಡಿದರೆ ಕಾಗದ ಕಳಿಸಿ ಅನ್ನಿ. ಕಾಗದ ಬಂದ ದಿನ ಮೊದಲು ಲಾಯರಿಗೆ ತೋರಿಸಿ, ಆಮೇಲೆ ಉತ್ತರ ಬರೆಯಿರಿ.